ಮಳೆಗೆ ಎದ್ದ ನೆಲ

"ಅದನ್ನ ಕೀಳಬೇಡಿ ಮೇಡಂ," ಅಂದರು ಗಡಿಯಾರದವರು.

ಅಷ್ಟರಲ್ಲಿ ಪಟ್ಟಿ ಕೈಗೆ ಬಂದಾಗಿತ್ತು. ಗೋಡೆಯ ಬುಡದಲ್ಲಿ, ಮರದ ನೆಲಕ್ಕೆ ತಾಗಿಕೊಂಡು ಉದ್ದಕ್ಕೂ ಓಡುವ ಸ್ಕರ್ಟಿಂಗ್ ಪಟ್ಟಿ ಅದು. ಮಂಡಿ ಮೇಡಂ ಅದನ್ನು ನೋಯಿಸಬಾರದೆಂಬಂತೆ ಪಕ್ಕಕ್ಕೆ ಮಲಗಿಸಿ, ಟಾರ್ಚ್ ಹಾಕಿ, ಕೆನ್ನೆ ಗೋಡೆಗೆ ತಾಗುವಷ್ಟು ಬಗ್ಗಿದರು.

"ಕಿತ್ತಾಯ್ತಲ್ಲ," ಅಂದರು ಮೆತ್ತಗೆ. "ಇನ್ನು ನೋಡೇಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಮಂಡಿ ಮೇಡಂ ಅನ್ನುವುದು ಠಾಣೆಯವರು ಇಟ್ಟ ಹೆಸರು. ಖಾಸಗಿ ಪತ್ತೇದಾರಿಕೆಗೆ ಬರುವ ಮೊದಲು ಅವರು ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದರು. ಮಳೆಗಾಲ ಬಂತೆಂದರೆ ನೀರು ನುಗ್ಗಿದ ಮನೆ, ತೇವ ಹತ್ತಿದ ಗೋಡೆ, ಹಾಳಾದ ನೆಲ ಅಂತ ಊರೆಲ್ಲ ಸುತ್ತಿ, ಕಂಡಕಂಡಲ್ಲಿ ಮಂಡಿಯೂರಿ ಮಂಡಿಚಿಪ್ಪು ಸವೆಸಿಕೊಂಡವರು. ಈಗ ಕೆಲಸ ಬದಲಾದರೂ ಅಭ್ಯಾಸ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಜನ ಅವರ ಮುಖ ನೋಡುವ ಮೊದಲು ಅವರು ನೆಲ ನೋಡುತ್ತಿರುತ್ತಾರೆ. ಕೂರುವುದು ಸಲೀಸು, ಏಳುವುದು ಕಷ್ಟ. ಏಳುವಾಗ ಒಂದು ಕುರ್ಚಿ ಬೇಕು, ಇಲ್ಲದಿದ್ದರೆ ಗಟ್ಟಿಮುಟ್ಟಾದ ಒಬ್ಬ ಕಾನ್‌ಸ್ಟೇಬಲ್ ಬೇಕು.

ಇವತ್ತು ಎರಡೂ ಇರಲಿಲ್ಲ. ಇದ್ದದ್ದು ಎದುರಿಗೆ ನಿಂತಿದ್ದ ಒಬ್ಬ ಬಡಕಲು ಮನುಷ್ಯ. ಬಜಾರಿನ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಗಡಿಯಾರದವರಾದವರು. ಹೆಂಡತಿಯನ್ನು ಕಳೆದುಕೊಂಡು ಹದಿನೈದು ದಿನವೂ ಆಗಿರಲಿಲ್ಲ. ಮಾಳಿಗೆಯ ಹಾಲಿನಲ್ಲಿ, ಮೆಟ್ಟಿಲ ತಲೆಯಲ್ಲಿ ಉಬ್ಬಿ ನಿಂತ ಮರದ ನೆಲಕ್ಕೆ ಕಾಲು ತಾಗಿ ಆಕೆ ಕೆಳಗೆ ಉರುಳಿದರು ಅಂತ ಕೇಸು. ಆ ನೆಲ ಹಾಸಿದ ಬಡಗಿ ಲಾಕಪ್ಪಿನಲ್ಲಿದ್ದ.

ಬಡಗಿಯ ಹೆಂಡತಿ ಕೆಳಗೆ ಜಗಲಿಯ ಕುರ್ಚಿಯಲ್ಲಿ, ಮಡಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊಡೆಯ ನೀರು ಸೀರೆಗೆ ಇಳಿಯುತ್ತಿದ್ದರೂ ಅವಳಿಗೆ ಪರಿವೆ ಇರಲಿಲ್ಲ. ಮೇಡಂ ಹತ್ತಿರ ಬಂದು ಕೈ ಮುಗಿದವಳು ಅವಳೇ. ಬೆಳಗ್ಗೆ ದಾರಿಯಲ್ಲಿ ಬರುವಾಗ ಅವಳು ಹೇಳಿದ ಮಾತು ಮೇಡಂ ತಲೆಯಲ್ಲಿ ಕೊರೆಯುತ್ತಿತ್ತು.

"ನಮ್ಮೋರು ತಪ್ಪೊಪ್ಪಿಕೊಳ್ತೀನಿ ಅಂತಿದಾರೆ ಮೇಡಂ. ನಾನೇ ಎಲ್ಲೋ ಎಡವಟ್ಟು ಮಾಡಿರಬೇಕು, ನನ್ನ ಕೈಯಿಂದ ಒಬ್ಬ ತಾಯಿ ಹೋದಳು ಅಂತ ಗೋಡೆಗೆ ತಲೆ ಒರಗಿಸಿಕೊಂಡು ಕೂತಿದಾರೆ. ಊಟ ಮುಟ್ಟಲ್ಲ. ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ಹೂಂ ಅಂದುಬಿಟ್ಟರೆ ಮುಗೀತಲ್ಲ."

ಮುಗಿಯುತ್ತಿತ್ತು. ಅದಕ್ಕೇ ಮೇಡಂ ಮಳೆಯನ್ನೂ ಲೆಕ್ಕಿಸದೆ ಬಂದಿದ್ದರು.

ಪೊಲೀಸರ ಕಡೆಯ ಎಂಜಿನಿಯರ್ ಬರೆದುಕೊಟ್ಟಿದ್ದು ಒಂದೇ ಮಾತು: ನೆಲದ ಸುತ್ತ ಸಂದು ಬಿಟ್ಟಿಲ್ಲ. ಆತ ಸ್ಕರ್ಟಿಂಗ್ ಪಟ್ಟಿಯ ಕೆಳಗೆ ತೆಳು ಬ್ಲೇಡು ತೂರಿಸಿ ನೋಡಿದ್ದ. ಬ್ಲೇಡು ಹೋಗಿರಲಿಲ್ಲ. ಸಂದಿಲ್ಲ ಅಂದಮೇಲೆ ಬಡಗಿಯ ನಿರ್ಲಕ್ಷ್ಯ ಅಂತ ಷರಾ ಬಿತ್ತು.

ಮಾತು ಸುಳ್ಳೇನಲ್ಲ. ಹಲಗೆ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಹಿಗ್ಗುತ್ತದೆ. ಒಂದೊಂದು ಹಲಗೆ ಹಿಗ್ಗುವುದು ಕೂದಲೆಳೆಯಷ್ಟು. ಆದರೆ ಹಾಲಿನ ತುಂಬ ಹಲಗೆ ಇದ್ದರೆ ಆ ಕೂದಲೆಳೆಗಳೆಲ್ಲ ಸೇರಿ ಒಂದು ಬೆರಳಿನಷ್ಟಾಗುತ್ತದೆ. ಅದಕ್ಕೆ ಜಾಗ ಬೇಕು. ಗೋಡೆಯ ಬುಡದಲ್ಲಿ ಒಂದು ಸಂದು ಬಿಟ್ಟು, ಅದು ಕಾಣದಂತೆ ಮೇಲೆ ಪಟ್ಟಿ ಹೊಡೆಯುವುದು ಅದಕ್ಕೇ. ಸಂದು ಇಲ್ಲದಿದ್ದರೆ ನೆಲ ಗೋಡೆಯನ್ನು ತಳ್ಳುತ್ತದೆ. ಗೋಡೆ ಜಗ್ಗುವುದಿಲ್ಲ. ಆಗ ಹಲಗೆಗಳೇ ಎಲ್ಲೋ ಒಂದು ಕಡೆ ಒಂದನ್ನೊಂದು ಎತ್ತಿಕೊಂಡು ನಿಂತುಬಿಡುತ್ತವೆ. ಇಲ್ಲಿ ನಿಂತದ್ದು ಮೆಟ್ಟಿಲ ತಲೆಯ ಹತ್ತಿರ, ಮಲಗಿದ ನಾಯಿಯ ಬೆನ್ನಿನ ಹಾಗೆ.

ಟಾರ್ಚಿನ ಬೆಳಕಿನಲ್ಲಿ ಮೇಡಂಗೆ ಮೊದಲು ಕಂಡದ್ದು ಗೋಡೆಗೂ ಹಲಗೆಗೂ ನಡುವೆ ತುರುಕಿದ್ದ ಮರದ ಚೂರುಗಳು. ತೆಳ್ಳಗಿನ, ಸಮನಾಗಿ ಸೀಳಿದ, ಒಂದರ ಪಕ್ಕ ಒಂದು ಹಲ್ಲಿನ ಸಾಲಿನಂತೆ ಕೂತ ಚೂರುಗಳು. ಅಲ್ಲಲ್ಲಿ ಗೋಂದು ಗಟ್ಟಿಯಾಗಿ ಮಿಂಚುತ್ತಿತ್ತು.

ಚಾಕುವಿನ ತುದಿಯಿಂದ ಒಂದನ್ನು ಎಬ್ಬಿಸಿದರು. ಕೆಳಗೆ ನೆಲದ ಮೇಲೆ ಬಡಗಿ ಎಳೆದಿದ್ದ ಪೆನ್ಸಿಲ್ ಗೆರೆ ಇನ್ನೂ ಇತ್ತು. ಇಲ್ಲಿಗೆ ಹಲಗೆ ನಿಲ್ಲಬೇಕು, ಮುಂದೆ ಖಾಲಿ ಅನ್ನುವ ಗೆರೆ. ಹಲಗೆ ಹಿಗ್ಗಿ ಬಂದು ಚೂರುಗಳಿಗೆ ಬಡಿದು ನಿಂತಿತ್ತು.

"ಸಂದು ಬಿಟ್ಟಿದ್ದ," ಅಂದರು ಮೇಡಂ, ತಮಗೇ ಹೇಳಿಕೊಳ್ಳುವಂತೆ. "ಕಿರುಬೆರಳು ಆರಾಮಾಗಿ ಹೋಗುವಷ್ಟು ಬಿಟ್ಟಿದ್ದ."

ಮಳೆ ಮಾಡಿನ ಮೇಲೆ ಒಂದೇ ಸಮನೆ ಹುಯ್ಯುತ್ತಿತ್ತು.

ಬಡಗಿ ಬಿಟ್ಟದ್ದನ್ನು ಆಮೇಲೆ ಯಾರೋ ತುಂಬಿದ್ದಾರೆ. ಯಾರು ಅನ್ನುವುದೇ ಪ್ರಶ್ನೆ. ಮನೆಯಲ್ಲಿ ಇದ್ದವರು ಮೂವರು: ಗಡಿಯಾರದವರು, ತೀರಿಹೋದ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಇವರಲ್ಲದೆ ಆಗಾಗ ಬಂದುಹೋಗುತ್ತಿದ್ದವನು ತೀರಿಹೋದಾಕೆಯ ಅಣ್ಣ. ಬಡಗಿಯ ಮೇಲೆ ದೂರು ಕೊಟ್ಟವನು ಅವನೇ. ಆವತ್ತು ಮಧ್ಯಾಹ್ನ ಊಟಕ್ಕೆ ಬಂದಿದ್ದ, ಊಟ ಮುಗಿಸಿ ಹೊರಟೆ ಅಂತ ಹೇಳಿಕೆ ಕೊಟ್ಟಿದ್ದ. ಸಂಜೆ ಆಕೆ ಬಿದ್ದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಅಂತ ಪೊಲೀಸರ ಕಡತ ಹೇಳುತ್ತಿತ್ತು. ಗಂಡ ಅಂಗಡಿಯಲ್ಲಿ, ಮಗಳು ಗೆಳತಿಯ ಮನೆಯಲ್ಲಿ. ಸದ್ದು ಕೇಳಿ ಪಕ್ಕದ ಮನೆಯವರು ಓಡಿಬಂದಿದ್ದರು.

ಮೇಡಂ ಕಿತ್ತ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು ತಿರುವಿ ನೋಡಿದರು. ಅದರ ಹಿಂಬದಿಯಲ್ಲಿ ಹಳೆಯ ಮೊಳೆಗಳ ತೂತುಗಳಿದ್ದವು. ದಪ್ಪ ಕಬ್ಬಿಣದ ಮೊಳೆ, ಬಡಗಿಗಳು ಹೊಡೆಯುವಂಥದ್ದು. ಆದರೆ ಈಗ ಪಟ್ಟಿಯನ್ನು ಹಿಡಿದಿದ್ದದ್ದು ಆ ಮೊಳೆಗಳಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಸ್ಕ್ರೂಗಳು. ಒಂದರ ತಲೆಯೂ ತರಚಿರಲಿಲ್ಲ. ತಲೆಯ ಮೇಲಿನ ಗೀರುಗಳೆಲ್ಲ ಒಂದೇ ದಿಕ್ಕಿಗೆ ನಿಂತಿದ್ದವು, ಕವಾಯತಿಗೆ ನಿಂತ ಹಾಗೆ.

ಬಡಗಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಕಣ್ಣಿಗೆ ಮಸೂರ ಕಚ್ಚಿಸಿಕೊಂಡು, ಉಸಿರು ಹಿಡಿದು ಕೆಲಸ ಮಾಡಿ ರೂಢಿಯಿದ್ದವರಿಗೆ ಇರುತ್ತದೆ.

ಮೇಡಂ ತಲೆಯೆತ್ತಿ ನೋಡಿದರು. ಗಡಿಯಾರದವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾ ನಿಂತಿದ್ದರು.

"ಕೂತ್ಕೊಳ್ಳಿ," ಅಂದರು ಮೇಡಂ.

"ಪರವಾಗಿಲ್ಲ."

"ನನಗೋಸ್ಕರ ಕೂತ್ಕೊಳ್ಳಿ. ನಾನು ಏಳೋಕೆ ಆಗಲ್ಲ, ಕತ್ತೆತ್ತಿ ಮಾತಾಡಿದರೆ ಕುತ್ತಿಗೆ ನೋಯುತ್ತೆ."

ಅವರು ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತರು. ಇಬ್ಬರ ನಡುವೆ ಕಿತ್ತ ಪಟ್ಟಿ ಬಿದ್ದಿತ್ತು.

"ಯಾವಾಗ ತುಂಬಿದ್ರಿ?"

ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಅವರು ಮಾಡಲಿಲ್ಲ. ಯಾರಾದರೂ ಕೇಳಲಿ ಅಂತ ಕಾದಿದ್ದವರ ಹಾಗೆ ಮಾತು ಹೊರಬಂತು.

"ಬೇಸಿಗೇಲಿ. ನೆಲ ಹಾಸಿದ ಮೊದಲನೇ ಬೇಸಿಗೆ. ಬಿಸಿಲಿಗೆ ಹಲಗೆ ಒಣಗಿ, ಪಟ್ಟಿ ಕೆಳಗೆ ಕರೀ ಗೆರೆ ಬಿಡ್ತು. ಅಲ್ಲಿಂದ ಇರುವೆ ಸಾಲು ಶುರುವಾಯ್ತು. ನಮ್ಮವಳಿಗೆ ಇರುವೆ ಕಂಡರೆ ಆಗಲ್ಲ. ಮಂಚದ ಕಾಲಿಗೆಲ್ಲ ಹತ್ತುತ್ತೆ ಕಣ್ರೀ, ಏನಾದ್ರೂ ಮಾಡಿ ಅಂದಳು. ನಾನೂ ಇವತ್ತು ನಾಳೆ ಅಂತ ತಳ್ತಾ ಬಂದೆ. ಒಂದು ಭಾನುವಾರ ಅವಳೇ ಪಟ್ಟಿ ಕೀಳೋಕೆ ಹೊರಟಳು. ಸರಿ ಸರಿ, ಬಿಡು ಮಾರಾಯ್ತಿ ಅಂತ ನಾನು ಕೂತೆ."

"ಚೂರುಗಳು?"

"ಹಳೇ ಗೋಡೆ ಗಡಿಯಾರದ ಪೆಟ್ಟಿಗೆ. ಒಳ್ಳೇ ಒಣಗಿದ ಮರ. ಸೀಳಿ, ಉಜ್ಜಿ, ಒಂದೊಂದಾಗಿ ಕೂರಿಸಿದೆ. ಅವಳು ಪಕ್ಕದಲ್ಲಿ ಕೂತು ಎತ್ತಿ ಎತ್ತಿ ಕೊಡ್ತಿದ್ದಳು. ಮುಗಿದ ಮೇಲೆ ಕೈಯಾಡಿಸಿ ನೋಡಿ, ನಿಮ್ಮ ಕೈಗೆ ಯಾರೂ ಸಮ ಇಲ್ಲ ಬಿಡಿ ಅಂದಳು."

ಅವರು ಅಲ್ಲಿಗೆ ನಿಲ್ಲಿಸಿದರು.

"ಯಾಕೆ ಆ ಸಂದು ಬಿಟ್ಟಿದಾನೆ ಅಂತ ಬಡಗೀನ ಕೇಳಲಿಲ್ವಾ?"

"ಕೆಲಸ ಕದ್ದಿದಾನೆ ಅಂದುಕೊಂಡೆ. ಮೂಲೆ ಮುಚ್ಚದೆ ಪಟ್ಟಿ ಹೊಡೆದು ಹೋಗಿದಾನೆ ಅಂತ ಬೈಕೊಂಡೇ ತುಂಬಿದೆ." ಅವರು ತಲೆ ಅಲ್ಲಾಡಿಸಿದರು. "ಗಡಿಯಾರದೊಳಗೆ ಒಂದು ಚಕ್ರಕ್ಕೂ ಇನ್ನೊಂದಕ್ಕೂ ನಡುವೆ ಸಡಿಲ ಇರಬೇಕು ಅಂತ ಜೀವನಪೂರ್ತಿ ನೋಡ್ಕೊಂಡು ಬಂದವನು ನಾನು. ನೆಲಕ್ಕೂ ಬೇಕು ಅಂತ ಹೊಳೀಲೇ ಇಲ್ಲ."

"ಗೊತ್ತಾಗಿದ್ದು ಯಾವಾಗ?"

"ಎಂಜಿನಿಯರ್ ಬಂದು, ಸಂದು ಬಿಟ್ಟಿಲ್ಲ, ಅದಕ್ಕೇ ಉಬ್ಬಿದೆ ಅಂದಾಗ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಬೇಕು ಅಂತಲೇ ಇದ್ದೆ ಮೇಡಂ. ನಾಲಿಗೆ ಏಳಲಿಲ್ಲ. ಪುಟ್ಟಿ ಪಕ್ಕದಲ್ಲೇ ಇದ್ದಳು. ನಿಮ್ಮಮ್ಮನ್ನ ಕೊಂದದ್ದು ಆ ಬಡಗಿಯಲ್ಲ ಮಗಳೇ, ನಾನು ಅಂತ ಅವಳ ಮುಂದೆ ಹೇಗೆ ಹೇಳಲಿ?"

ಅವರು ಎರಡೂ ಕೈಗಳನ್ನು ಮುಂದೆ ಚಾಚಿದರು. ಕೋಳ ಹಾಕಿ ಅನ್ನುವಂತೆ.

"ಕರ್ಕೊಂಡು ಹೋಗಿ. ಆಯಮ್ಮ ಕೆಳಗೆ ಕೂತಿದಾಳಲ್ಲ, ಅವಳ ಮುಖ ನೋಡೋಕಾಗದೆ ಬೆಳಗ್ಗೆಯಿಂದ ಹಿತ್ತಲ ಬಾಗಿಲಿಂದ ಓಡಾಡ್ತಿದೀನಿ."

ಮೇಡಂ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ವಿಮಾ ಕಂಪನಿಯ ಕೆಲಸದಲ್ಲಿ ಸುಳ್ಳು ಹೇಳುವ ಗಂಡಂದಿರನ್ನು ಬೇಕಾದಷ್ಟು ನೋಡಿದ್ದವರು. ಅಂಥವರು ತಮ್ಮ ಮೇಲೆ ಬರುವುದನ್ನು ಇನ್ನೊಬ್ಬರ ಮೇಲೆ ಜಾರಿಸುತ್ತಾರೆ. ಎಲ್ಲವನ್ನೂ ತನ್ನ ಮೇಲೆ ಎಳೆದುಕೊಳ್ಳಲು ಕಾದು ಕೂತವರು ಅಪರೂಪ.

"ನಾನು ಪೊಲೀಸಲ್ಲ, ಕೋಳ ನನ್ನ ಹತ್ರ ಇಲ್ಲ," ಅಂದರು. "ಇರುವೆಗೆ ಹೆದರೋ ಹೆಂಡತಿಗೋಸ್ಕರ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದಕ್ಕೆ ಯಾವ ಕಾನೂನಿನಲ್ಲೂ ಕೊಲೆ ಅನ್ನಲ್ಲ. ಆದರೆ ಬಾಯಿ ಮುಚ್ಚಿಕೊಂಡು ಒಬ್ಬ ಬಡಪಾಯಿ ಒಳಗಿರೋದನ್ನ ನೋಡ್ತಾ ಕೂತಿರಲ್ಲ, ಅದು ತಪ್ಪು. ಅದನ್ನ ಮೊದಲು ಸರಿ ಮಾಡಿ. ಕೆಳಗೆ ಹೋಗಿ."

ಅವರು ಎದ್ದರು. ಉಬ್ಬಿದ ಜಾಗವನ್ನು ಬಳಸಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು. ಮೇಡಂ ಮೆಟ್ಟಿಲ ಕಂಬಿಯನ್ನು ಜಗ್ಗಿ ಹೇಗೋ ಎದ್ದು, ಮೇಲಿನಿಂದ ನೋಡಿದರು.

ಜಗಲಿಯಲ್ಲಿ ಬಡಗಿಯ ಹೆಂಡತಿ ಅವರನ್ನು ಕಂಡು ಗಾಬರಿಯಿಂದ ಎದ್ದು ನಿಂತಳು. ಕೊಡೆ ಕೆಳಗೆ ಬಿತ್ತು. ಗಡಿಯಾರದವರು ಬಗ್ಗಿ ಅದನ್ನೆತ್ತಿ ಕೊಟ್ಟರು.

"ನಿಮ್ಮ ಯಜಮಾನರು ಸಂದು ಬಿಟ್ಟಿದ್ದರು ತಾಯಿ. ಸರಿಯಾಗೇ ಬಿಟ್ಟಿದ್ದರು. ಮುಚ್ಚಿದವನು ನಾನು. ಅವರ ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ಇದನ್ನ ಈಗಲೇ ಬಂದು ಠಾಣೇಲಿ ಹೇಳ್ತೀನಿ."

ಅವಳು ಅವರನ್ನು ಬೈಯಬಹುದಿತ್ತು. ಮೇಡಂ ಅದಕ್ಕೇ ಕಾದಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಅವರ ಕೆಲಸ ಸರಿ ಇತ್ತಾ?" ಅಂತ ಕೇಳಿದಳು.

"ಸರಿ ಇತ್ತು."

"ಈ ಮಾತನ್ನ ಅವರ ಎದುರಿಗೆ ಹೇಳಿ ಅಣ್ಣ. ನಾನು ಹೇಳಿದರೆ ನಂಬಲ್ಲ, ಸಮಾಧಾನಕ್ಕೆ ಅಂತಿದೀಯ ಅಂತಾರೆ. ನೀವೇ ಹೇಳಿ."

ಗಡಿಯಾರದವರು ತಲೆಯಾಡಿಸಿದರು.

ಕೇಸು ಇಲ್ಲಿಗೆ ಮುಗಿಯಬೇಕಿತ್ತು. ಬಡಗಿ ಬಿಡುಗಡೆಯಾಗುತ್ತಾನೆ, ಗಂಡನ ತಿಳಿಗೇಡಿತನ ಅಂತ ಷರಾ ಬೀಳುತ್ತದೆ, ಮಳೆಗಾಲ ಮುಗಿದ ಮೇಲೆ ನೆಲ ತಾನಾಗಿ ಕೂರುತ್ತದೆ. ಮೇಡಂ ತಮ್ಮ ಚೀಲ ಹುಡುಕಿಕೊಳ್ಳುತ್ತಿದ್ದರು.

"ಅಪ್ಪ ಅಳ್ತಿದಾರಾ?"

ಹಾಲಿನ ಆಚೆ ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅಪ್ಪನ ಹಳೆಯ ಸ್ವೆಟರ್ ಹಾಕಿಕೊಂಡಿದ್ದಳು. ತೋಳು ಉದ್ದವಾಗಿ ಬೆರಳುಗಳೇ ಕಾಣುತ್ತಿರಲಿಲ್ಲ.

"ಸ್ವಲ್ಪ," ಅಂದರು ಮೇಡಂ. "ಅತ್ತರೆ ಒಳ್ಳೇದು ಬಿಡಮ್ಮ."

"ನಾನು ಎಲ್ಲಾ ಕೇಳಿಸಿಕೊಂಡೆ. ಅಪ್ಪ ತುಂಬಿದ್ದರಿಂದ ನೆಲ ಉಬ್ಬಿತು, ಅದಕ್ಕೆ ಅಮ್ಮ ಎಡವಿದಳು. ಅದೇ ತಾನೆ ನೀವು ಹೇಳ್ತಿರೋದು?"

"ನಾನಲ್ಲಮ್ಮ, ನಿಮ್ಮಪ್ಪ ಹೇಳ್ತಿರೋದು."

ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಗೀರುತ್ತಾ ನಿಂತಳು. ಏನನ್ನೋ ಒಳಗೇ ತೂಗಿ ನೋಡುತ್ತಿದ್ದಾಳೆ ಅಂತ ಮೇಡಂಗೆ ಅನಿಸಿತು. ಅವಸರ ಮಾಡಲಿಲ್ಲ.

"ಹಾಗಲ್ಲ," ಅಂದಳು ಕೊನೆಗೆ. "ನೆಲ ಉಬ್ಬಿರಲಿಲ್ಲ."

"ಯಾವಾಗ?"

"ಅಮ್ಮ ಬಿದ್ದಾಗ. ಮಾರನೇ ದಿನವೂ ಇರಲಿಲ್ಲ. ಆಸ್ಪತ್ರೇಲಿ ಅಮ್ಮ ಹೋದಮೇಲೆ ನನ್ನನ್ನ ಮನೆಗೆ ಕರ್ಕೊಂಡು ಬಂದರು. ನಾನು ನೇರವಾಗಿ ಇಲ್ಲಿಗೆ ಬಂದೆ." ಅವಳು ಮೆಟ್ಟಿಲ ತಲೆಯನ್ನು ತೋರಿಸಿದಳು. "ಅಮ್ಮ ಕೊನೇ ಸಲ ನಿಂತಿದ್ದ ಜಾಗ ಅಂತ ಇಲ್ಲಿ ಮಲಗಿಬಿಟ್ಟೆ. ಕೆನ್ನೆ ನೆಲಕ್ಕಿಟ್ಟು. ಎದುರಿಗೆ ಆ ಬೀರುವಿನ ಕೆಳಗೆ ಅಮ್ಮನ ಹೇರ್‌ಪಿನ್ ಬಿದ್ದಿತ್ತು, ಮಲಗಿದಲ್ಲಿಂದಲೇ ಕಾಣ್ತಿತ್ತು. ಯಾರೋ ಬಂದು ಎಬ್ಬಿಸೋ ತನಕ ಅದನ್ನೇ ನೋಡ್ತಾ ಇದ್ದೆ."

ಮೇಡಂ ಬೀರುವನ್ನು ನೋಡಿದರು. ಹಾಲಿನ ಇನ್ನೊಂದು ತುದಿಯಲ್ಲಿತ್ತು. ಗಿಡ್ಡ ಕಾಲಿನ ಬೀರು, ಕೆಳಗೆ ಕೈ ತೂರುವಷ್ಟೇ ಜಾಗ.

ಅವರು ಚೀಲ ಕೆಳಗಿಟ್ಟು ಮತ್ತೆ ಮಂಡಿಯೂರಿದರು. ಮಂಡಿಗಳು ಕಟಕ್ಕೆಂದು ತಕರಾರು ತೆಗೆದವು. ಹಾಗೇ ಮುಂದಕ್ಕೆ ಬಾಗಿ, ಹುಡುಗಿ ತೋರಿಸಿದ ಜಾಗದಲ್ಲಿ ಕೆನ್ನೆ ಊರಿ ಮಲಗಿದರು. ಮರ ತಣ್ಣಗಿತ್ತು, ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಕಣ್ಣೆದುರಿಗೆ ನೆಲದ ಉಬ್ಬು ದಿಬ್ಬದ ಹಾಗೆ ಅಡ್ಡ ನಿಂತಿತ್ತು. ಬೀರುವಿನ ಬಾಗಿಲು ಕಂಡಿತು, ಹಿಡಿ ಕಂಡಿತು. ಬೀರುವಿನ ಕಾಲು ಕಾಣಲಿಲ್ಲ. ಅದರ ಕೆಳಗೆ ಆನೆ ಮಲಗಿದ್ದರೂ ಇಲ್ಲಿಂದ ಕಾಣುವಂತಿರಲಿಲ್ಲ.

ಆ ದಿನ ಇವಳಿಗೆ ಒಂದು ಹೇರ್‌ಪಿನ್ ಕಂಡಿತ್ತು.

ಮೇಡಂ ಮಲಗಿದಲ್ಲೇ ಇದ್ದರು. ತಲೆ ಚಕಚಕನೆ ಓಡತೊಡಗಿತು.

"ಮಳೆ ಬಂದಾಗ ಅಮ್ಮ ಈ ಹಾಲನ್ನ ಹೇಗೆ ನೋಡಿಕೊಳ್ತಿದ್ದಳು?"

"ಅಮ್ಮನಿಗೆ ಈ ನೆಲ ಅಂದರೆ ಪ್ರಾಣ. ಮೋಡ ಕಂಡರೆ ಸಾಕು, ಓಡಿಬಂದು ಕಿಟಕಿ ಹಾಕೋಳು. ಒದ್ದೆ ಕಾಲಲ್ಲಿ ಮೇಲೆ ಬಂದರೆ ಬೈಗುಳ. ಫ್ಯಾನ್ ಆರಿಸೋ ಹಾಗಿಲ್ಲ. ಒಣ ಬಟ್ಟೇಲಿ ಬೆಳಗ್ಗೆ ಸಂಜೆ ಒರೆಸೋಳು."

"ಆಮೇಲೆ?"

"ಆಮೇಲೆ ಯಾರು ನೋಡ್ತಾರೆ ಮೇಡಂ. ಮನೆ ತುಂಬ ಜನ. ಎಲ್ಲರ ಒದ್ದೆ ಕೊಡೆ ಇಲ್ಲೇ ಸಾಲಾಗಿ ಇಟ್ಟಿದ್ದರು. ಕಿಟಕಿ ಹಗಲು ರಾತ್ರಿ ತೆಗೆದೇ ಇತ್ತು, ಎರಚಲು ಒಳಗೇ ಹೊಡೀತಿತ್ತು. ಎಲ್ಲರೂ ಹೋದಮೇಲೆ ಅಪ್ಪನ ಕಾಲಿಗೆ ಈ ಉಬ್ಬು ತಾಗಿತು. ಅಲ್ಲೀವರೆಗೂ ಯಾರೂ ಗಮನಿಸಿರಲಿಲ್ಲ. ಪೊಲೀಸರು ಬಂದು ಅಳತೆ ತಗೊಂಡಿದ್ದು ಅದಕ್ಕಿಂತ ಆಮೇಲೆ."

ಆಕೆ ಬದುಕಿರುವವರೆಗೆ ಈ ನೆಲ ಎದ್ದಿರಲಿಲ್ಲ. ಆ ಕೈ ನಿಂತಮೇಲೆ ಎದ್ದಿತು. ಗಂಡ ತುಂಬಿದ ಚೂರುಗಳಿಗೂ ಅವಳ ಸಾವಿಗೂ ಸಂಬಂಧವೇ ಇಲ್ಲ. ಬಡಗಿ ನಿರಪರಾಧಿ, ಗಂಡನೂ ನಿರಪರಾಧಿ.

ಮೇಡಂ ಎದ್ದು ಕೂತರು. ಮನಸ್ಸಿಗೆ ಒಂದು ಗಳಿಗೆ ಹಗುರವಾಯಿತು. ಮರುಗಳಿಗೆಯೇ ಇನ್ನೊಂದು ಯೋಚನೆ ಬಂತು. ಸಮತಟ್ಟಾದ, ಒಣ ಬಟ್ಟೆಯಲ್ಲಿ ಒರೆಸಿದ, ದಿನಾ ಓಡಾಡಿದ ನೆಲದ ಮೇಲೆ ಒಬ್ಬ ಹೆಂಗಸು ಯಾಕೆ ಎಡವಬೇಕು?

ಗಡಿಯಾರದವರು ಠಾಣೆಗೆ ಹೊರಡಲು ಅಂಗಿ ಬದಲಿಸೋಣವೆಂದು ಮೇಲೆ ಬಂದರು. ನೆಲದ ಮೇಲೆ ಕೂತಿದ್ದ ಮೇಡಂ, ಬಾಗಿಲಲ್ಲಿದ್ದ ಮಗಳು, ಇಬ್ಬರನ್ನೂ ನೋಡಿ ನಿಂತರು.

ಮೇಡಂ ಅವರಿಗೆ ಎಲ್ಲವನ್ನೂ ಹೇಳಿದರು. ಹೇರ್‌ಪಿನ್, ಕಿಟಕಿ, ಕೊಡೆ. ನಿಧಾನವಾಗಿ, ಬಿಡಿಸಿ ಹೇಳಿದರು. "ನಿಮ್ಮ ಕೈಯಿಂದ ಏನೂ ಆಗಿಲ್ಲ. ಆ ಹೊರೆ ಇಳಿಸಿಬಿಡಿ."

ಅವರು ಮಾತು ಅರ್ಥವಾಗದವರಂತೆ ಮೊದಲು ಮಗಳನ್ನು, ಆಮೇಲೆ ನೆಲವನ್ನು ನೋಡಿದರು. ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲವಾದವು. ತಾವು ತುಂಬಿದ ಗೋಡೆಯ ಬುಡದತ್ತ ಕೈ ಚಾಚಿದರು, ಮುಟ್ಟಲಿಲ್ಲ.

"ಹಾಗಾದರೆ..." ಅಂದರು.

"ಒಂದೇ ಒಂದು ಪ್ರಶ್ನೆ ಕೇಳ್ತೀನಿ. ನೆಲ ಉಬ್ಬಿತ್ತು, ಅದಕ್ಕೇ ಎಡವಿದರು ಅಂತ ಮೊದಲು ಹೇಳಿದ್ದು ಯಾರು? ದೂರಿನಲ್ಲಿ ನಿಮ್ಮ ಭಾವ ಬರೆಸಿದಾರೆ. ಅವರಿಗೆ ಹೇಗೆ ಗೊತ್ತಾಯ್ತು?"

"ಭಾವನಿಗೆ ನಾನೇ ಹೇಳಿದ್ದು."

"ನಿಮಗೆ?"

ಗಡಿಯಾರದವರು ಮೆಟ್ಟಿಲ ಕಂಬಿ ಹಿಡಿದರು.

"ಅವಳೇ," ಅಂದರು. "ಆಸ್ಪತ್ರೇಲಿ. ಒಂದು ಗಳಿಗೆ ಪ್ರಜ್ಞೆ ಬಂದಿತ್ತು. ನನ್ನ ಬೆರಳು ಹಿಡ್ಕೊಂಡು, ನೆಲ ಎದ್ದಿತ್ತು ರೀ, ಕಾಲು ಸಿಕ್ಕಿಕೊಂಡಿತು ಅಂದಳು. ಯಾರೂ ಏನೂ ಮಾಡಿಲ್ಲ, ನೆಲದ್ದೇ ತಪ್ಪು ಅಂದಳು. ಅದೇ ಕೊನೇ ಮಾತು. ಆಮೇಲೆ ನನ್ನ ಕಾಲಿಗೂ ತಾಗಿದಾಗ, ಪಾಪ, ಸರಿಯಾಗೇ ಹೇಳಿದ್ದಳು ಅಂದುಕೊಂಡೆ."

ಮೇಡಂ ಕಣ್ಣು ಮತ್ತೆ ಬೀರುವಿನ ಕಡೆ ಹೋಯಿತು.

ಎದ್ದೇ ಇರದ ನೆಲವನ್ನು ಆಕೆ ಎದ್ದಿತ್ತು ಅಂದಿದ್ದಳು. ಜೀವ ಹೋಗುವ ಹೊತ್ತಿನಲ್ಲಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು ಒಂದು ಸುಳ್ಳು ಹೇಳಿ ಹೋಗಿದ್ದಳು. ನೆಲದ ಮೇಲೆ ಹಾಕಿದರೆ ಯಾರಿಗೂ ತೊಂದರೆಯಿಲ್ಲ ಅಂದುಕೊಂಡಿರಬೇಕು. ಒಬ್ಬ ಬಡಗಿ ಸಿಕ್ಕಿಬೀಳುತ್ತಾನೆ ಅಂತ ಅವಳಿಗೆ ಹೊಳೆದಿರಲಿಕ್ಕಿಲ್ಲ. ಸಾಯುತ್ತಿರುವವರಿಗೆ ಸುಳ್ಳಿನಿಂದ ಸಿಗುವುದು ಏನೂ ಇಲ್ಲ. ಆ ಸುಳ್ಳು ಯಾರಿಗಾಗಿಯೋ ಇತ್ತು. ತುಂಬ ಬೇಕಾದ ಯಾರಿಗಾಗಿಯೋ.

ಮೇಡಂ ಮಗಳ ಕಡೆ ತಿರುಗಿದರು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಅಮ್ಮನ ಕೊನೆಯ ಮಾತನ್ನು ಅವಳು ಇವತ್ತೇ ಮೊದಲ ಸಲ ಕೇಳುತ್ತಿದ್ದಾಳೆ ಅಂತ ನೋಡಿದರೇ ತಿಳಿಯುತ್ತಿತ್ತು.

"ಯಾರೂ ಏನೂ ಮಾಡಿಲ್ಲ ಅಂದಳಾ?" ಅವಳ ದನಿ ಎದ್ದೂ ಏಳದಂತಿತ್ತು. "ಅಮ್ಮ ಹಾಗೇ ಅಂದಳಾ ಅಪ್ಪ?"

ಅವರು ಹೌದೆಂದು ತಲೆಯಾಡಿಸಿದರು.

ಅವಳು ಸ್ವೆಟರಿನ ತೋಳಿನೊಳಗಿನಿಂದ ಬೆರಳುಗಳನ್ನು ಹೊರಗೆ ತಂದು ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.

"ಮೇಡಂ, ಅವತ್ತು ಅಮ್ಮ ಮೇಲೆ ಒಬ್ಬಳೇ ಇರಲಿಲ್ಲ."

ಮೇಡಂ ಬಾಯಿ ತೆರೆಯುವ ಮೊದಲೇ ಗಡಿಯಾರದವರು ನಡುವೆ ಬಂದು ನಿಂತಾಗಿತ್ತು. ಸ್ವಲ್ಪ ಹೊತ್ತಿಗೆ ಮೊದಲು ಕೋಳಕ್ಕೆ ಕೈ ಚಾಚಿದ್ದ ಮನುಷ್ಯ ಈಗ ಮಗಳನ್ನು ಬೆನ್ನ ಹಿಂದೆ ಮಾಡಿಕೊಂಡು, ಬಾಗಿಲಿಗೆ ಅಡ್ಡವಾಗಿ ನೆಟ್ಟಗೆ ನಿಂತಿದ್ದರು. ಹೆಂಡತಿ ಯಾರಿಗಾಗಿ ಸುಳ್ಳು ಹೇಳಿದ್ದಳು ಅಂತ ಅವರಿಗೆ ಹೊಳೆದಂತಿತ್ತು.

"ಬಡಗಿ ಇವತ್ತೇ ಹೊರಗೆ ಬರ್ತಾನೆ," ಅಂದರು. "ಸಂದು ಮುಚ್ಚಿದವನು ನಾನು, ನೆಲ ಎಬ್ಬಿಸಿದವನು ನಾನು, ಅವಳು ಸತ್ತಿದ್ದು ನನ್ನಿಂದ. ಠಾಣೇಲಿ ನಾನು ಹೇಳೋದು ಅಷ್ಟೇ ಮೇಡಂ. ನೀವು ಇಲ್ಲಿ ಬೇರೆ ಏನೂ ಕೇಳಿಸಿಕೊಂಡಿಲ್ಲ."